ಹಾಡಿನಲ್ಲಿ ಉಳಿದ ಅಜ್ಜನ ಭಾಷೆ

ಗಡಿ ಬದಲಾದಾಗ ಜನ ಇದ್ದಲ್ಲೇ ಇದ್ದರೂ ಅವರ ಭಾಷೆಯ ಸ್ಥಾನಮಾನ ಬದಲಾಗುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಪಟ್ಟಣದಲ್ಲಿ ಆದದ್ದೂ ಇದೇ. ಮೆಕ್ಸಿಕೊಗೆ ಸೇರಿದ್ದ ಈ ಪ್ರದೇಶವನ್ನು 1854ರಲ್ಲಿ ಅಮೆರಿಕ ಹಣ ಕೊಟ್ಟು ಪಡೆಯಿತು. ಕ್ರಮೇಣ ಕಚೇರಿ, ಶಾಲೆಗಳು ಇಂಗ್ಲಿಷಿನ ಪಾಲಾದವು. ಸ್ಪ್ಯಾನಿಷ್ ಮನೆಯೊಳಗೆ ಸರಿಯಿತು.

ಮೆಕ್ಸಿಕೊದ ಸೊನೋರಾ ಪ್ರಾಂತ್ಯದಿಂದ ಫೆಡೆರಿಕೊ ರಾನ್‌ಸ್ಟಾಟ್ 1882ರಲ್ಲಿ ಇಲ್ಲಿಗೆ ಬಂದದ್ದು ಗಾಡಿ ಕಟ್ಟುವ ಕಸುಬು ಕಲಿಯಲು. ಆಗ ಅವರಿನ್ನೂ ಹುಡುಗ. ತಂದೆ ಜರ್ಮನ್ ವಲಸಿಗ, ತಾಯಿ ಮೆಕ್ಸಿಕನ್. ಮುಂದೆ ವ್ಯಾಪಾರದಲ್ಲಿ ನೆಲೆಯೂರಿದ ಫೆಡೆರಿಕೊ, ಗೆಳೆಯರೊಡನೆ ‘ಕ್ಲಬ್ ಫಿಲಾರ್ಮೋನಿಕೊ’ ಎಂಬ ವಾದ್ಯವೃಂದವನ್ನೂ ಕಟ್ಟಿದರು. ‘ಲೂಯಿಸಾ ಎಸ್ಪಿನೆಲ್’ ಎಂಬ ಹೆಸರಿನಿಂದ ಗಾಯಕಿಯಾದ ಅವರ ಮಗಳು, ತಂದೆಯಿಂದ ಕಲಿತ ಸೊನೋರಾದ ಹಾಡುಗಳನ್ನು 1946ರಲ್ಲಿ ಪುಸ್ತಕವಾಗಿ ತಂದರು. ಅದರ ಹೆಸರು ‘ಕಾನ್‌ಸಿಯೋನೆಸ್ ದೆ ಮಿ ಪಾದ್ರೆ’, ಎಂದರೆ ‘ನನ್ನ ತಂದೆಯ ಹಾಡುಗಳು’.

ಅದೇ ವರ್ಷ ಫೆಡೆರಿಕೊ ಅವರ ಮೊಮ್ಮಗಳು ಲಿಂಡಾ ಹುಟ್ಟಿದರು. ತಂದೆ ಗಿಲ್ಬರ್ಟ್ ಸ್ಪ್ಯಾನಿಷ್ ಹಾಡುಗಳನ್ನು ಹಾಡುವವರು. ತಾಯಿ ಮಿಶಿಗನ್ ರಾಜ್ಯದಿಂದ ಬಂದ ಇಂಗ್ಲಿಷ್ ಭಾಷಿಕರು. ಹೀಗಾಗಿ ಮನೆಯಲ್ಲಿ ಮಾತು ಇಂಗ್ಲಿಷ್, ಹಾಡು ಸ್ಪ್ಯಾನಿಷ್. ಮಾತಿಗೊಂದು ಭಾಷೆ, ಹಾಡಿಗೊಂದು ಭಾಷೆ ಎಂಬುದೇ ಲೋಕದ ಕ್ರಮವೆಂದು ಬಾಲ್ಯದಲ್ಲಿ ಅವರು ತಿಳಿದಿದ್ದರಂತೆ.

ಹೊರಗಿನ ವಾತಾವರಣ ಇಷ್ಟು ಹಗುರವಾಗಿರಲಿಲ್ಲ. ಆ ಕಾಲದಲ್ಲಿ ಅಮೆರಿಕದ ನೈಋತ್ಯ ರಾಜ್ಯಗಳ ಅನೇಕ ಶಾಲೆಗಳಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ತಾವು ಪಟ್ಟ ಪಾಡು ಮಕ್ಕಳಿಗೆ ಬೇಡವೆಂದು ಎಷ್ಟೋ ತಂದೆತಾಯಿಯರು ತಮ್ಮ ಭಾಷೆಯನ್ನು ಕಲಿಸದೆಯೇ ಬಿಟ್ಟರು. ಅಜ್ಜನ ಮಾತು ಕಿವಿಗೆ ಪರಿಚಿತ, ನಾಲಿಗೆಗೆ ಅಪರಿಚಿತ ಎಂಬ ಸ್ಥಿತಿ ಮೊಮ್ಮಕ್ಕಳದಾಯಿತು.

1970ರ ದಶಕದಲ್ಲಿ ಲಿಂಡಾ ರಾನ್‌ಸ್ಟಾಟ್ ಇಂಗ್ಲಿಷ್ ರಾಕ್ ಗಾಯಕಿಯಾಗಿ ಮನೆಮಾತಾದರು. ಸ್ಪ್ಯಾನಿಷ್ ಅನ್ನು ಸರಾಗವಾಗಿ ಮಾತನಾಡಲು ಬಾರದಿದ್ದರೂ, 1987ರಲ್ಲಿ ಪಿಟೀಲು, ಗಿಟಾರು, ತುತ್ತೂರಿಗಳ ಮೆಕ್ಸಿಕನ್ ಮೇಳವಾದ ಮರಿಯಾಚಿಯೊಡನೆ ಪೂರ್ತಿ ಆ ಭಾಷೆಯಲ್ಲೇ ಹಾಡಿದರು. ಧ್ವನಿಮುದ್ರಿಕೆಗೆ ಸೋದರತ್ತೆಯ ಪುಸ್ತಕದ ಹೆಸರನ್ನೇ ಇಟ್ಟರು. ಅಮೆರಿಕವೊಂದರಲ್ಲೇ ಅದರ 20 ಲಕ್ಷ ಪ್ರತಿಗಳು ಹೋದವು; ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಆದರೆ ಹಾಡಿಗೂ ಒಂದು ಮಿತಿಯಿದೆ. ಉಚ್ಚಾರವನ್ನೂ ಅಕ್ಕರೆಯನ್ನೂ ಅದು ಉಳಿಸಬಲ್ಲದು. ಬೆಲೆ ಕೇಳುವುದು, ಜಗಳವಾಡುವುದು, ಪತ್ರ ಬರೆಯುವುದು ಹಾಡಿನಿಂದ ಬರುವುದಿಲ್ಲ. ಈ ಧ್ವನಿಮುದ್ರಿಕೆ ಹೊರಬಂದ 13 ವರ್ಷಗಳ ನಂತರ, 2000ದಲ್ಲಿ, ಶಾಲೆಗಳಲ್ಲಿ ದ್ವಿಭಾಷಾ ಬೋಧನೆಯನ್ನು ಬಹುಮಟ್ಟಿಗೆ ಕೈಬಿಡುವ ಕಾಯ್ದೆಗೆ ಅರಿಜೋನಾದ ಮತದಾರರು ಒಪ್ಪಿಗೆಯಿತ್ತರು. ಕಾಯಿಲೆಯಿಂದಾಗಿ ತಾವು ಇನ್ನು ಹಾಡಲಾರೆವೆಂದು ಲಿಂಡಾ 2013ರಲ್ಲಿ ತಿಳಿಸಿದರು. ಅಜ್ಜನ ಹಾಡುಗಳು ಮುದ್ರಿಕೆಯಲ್ಲಿ ಉಳಿದಿವೆ. ಅವುಗಳ ಮಾತನ್ನು ಉಳಿಸುವ ಹೊಣೆ ಮನೆ, ಶಾಲೆಗಳದೇ.