ಟೊರೆಸ್ ವೆದ್ರಾಸ್: ಹಸಿವಿನಿಂದ ಗೆದ್ದ ಯುದ್ಧ

1810ರ ಅಕ್ಟೋಬರ್ ಮಧ್ಯಭಾಗ. ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್ನಿಗೆ ಉತ್ತರದಲ್ಲಿರುವ ಸೋಬ್ರಾಲ್ ಎಂಬ ಊರಿನ ಬಳಿ ಫ್ರೆಂಚ್ ಮಾರ್ಷಲ್ ಆಂದ್ರೆ ಮಸೇನಾ ದುರ್ಬೀನು ಹಿಡಿದು ಎದುರಿನ ಗುಡ್ಡಗಳನ್ನು ನೋಡುತ್ತಿದ್ದ. ಅವನ ಸೈನ್ಯ ಸ್ಪೇನಿನ ಗಡಿಯಿಂದ ಇಲ್ಲಿಯವರೆಗೆ ಬಂದದ್ದು ಲಿಸ್ಬನ್ ಹಿಡಿದು ಇಂಗ್ಲಿಷರನ್ನು ಸಮುದ್ರಕ್ಕೆ ತಳ್ಳುವುದಕ್ಕೆ. ಆದರೆ ಕಣ್ಣಿಗೆ ಬಿದ್ದದ್ದೇ ಬೇರೆ. ಗುಡ್ಡದ ನೆತ್ತಿಗಳ ಮೇಲೆಲ್ಲ ಮಣ್ಣಿನ ಕೋಟೆಗಳು, ಅವುಗಳಲ್ಲಿ ಫಿರಂಗಿಗಳು. ಇಳಿಜಾರುಗಳನ್ನು ಏರಲಾಗದಂತೆ ಕಡಿದಿದ್ದರು, ಕಣಿವೆಗಳಿಗೆ ಮರ ಕೆಡವಿ ದಾರಿ ಮುಚ್ಚಿದ್ದರು. ಇಂಥದ್ದೊಂದು ಇಲ್ಲಿದೆ ಎಂಬುದು ಮಸೇನಾನಿಗೆ ತಿಳಿದದ್ದು ಕೆಲವೇ ದಿನಗಳ ಹಿಂದೆ.

ಈ ಕೋಟೆಸಾಲಿನ ಹೆಸರು ಟೊರೆಸ್ ವೆದ್ರಾಸ್. ಅದನ್ನು ಕಟ್ಟಿಸಿದವನು ವೆಲಿಂಗ್ಟನ್. ಐದು ವರ್ಷಗಳ ನಂತರ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೆಂದು ಎಲ್ಲರೂ ಬಲ್ಲ ವೆಲಿಂಗ್ಟನ್ ಇವನೇ. ಆದರೆ ಅವನು ಎಂಥ ಸೇನಾಪತಿ ಎಂಬುದು ಒಂದೇ ದಿನದ ವಾಟರ್ಲೂಗಿಂತ ಐದು ತಿಂಗಳ ಈ ಕಾಯುವಿಕೆಯಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅವನ ಗೆಲುವಿಗೆ ಬೆಲೆ ತೆತ್ತವರು ಯಾರು ಎಂಬುದೂ ಕಾಣುತ್ತದೆ.

ಹಸಿವು ಯುದ್ಧದಲ್ಲಿ ಏನು ಮಾಡಬಲ್ಲದು ಎಂಬ ಪಾಠವನ್ನು ಇಬ್ಬರೂ ಹತ್ತು ವರ್ಷ ಮೊದಲೇ, 1800ರಲ್ಲಿ, ಕಲಿತಿದ್ದರು. ಇಟಲಿಯ ಜೆನೊವಾ ನಗರದಲ್ಲಿ ಮಸೇನಾ ಮುತ್ತಿಗೆಗೆ ಸಿಕ್ಕಿಬಿದ್ದಿದ್ದ. ನೆಲದ ಮೇಲೆ ಆಸ್ಟ್ರಿಯಾದ ಸೈನ್ಯ, ಕಡಲಲ್ಲಿ ಇಂಗ್ಲಿಷರ ಹಡಗುಗಳು. ನಗರದ ಸಾವಿರಾರು ಜನ ಅನ್ನವಿಲ್ಲದೆ, ಜ್ವರದಿಂದ ಸತ್ತರು. ಅವನ ಸೈನಿಕರು ಅಗಸೆಬೀಜ, ಪಿಷ್ಟ, ಕೋಕೋ ಬೆರೆಸಿದ ರೊಟ್ಟಿ ತಿಂದು ಜೂನ್ 4ರವರೆಗೆ ನಗರ ಹಿಡಿದುಕೊಂಡರು. ಅಷ್ಟು ದಿನ ಆಸ್ಟ್ರಿಯನ್ನರನ್ನು ಅಲ್ಲಿ ಕಟ್ಟಿಹಾಕಿದ್ದರಿಂದಲೇ ನೆಪೋಲಿಯನ್ ಹತ್ತು ದಿನದ ನಂತರ ಮರೆಂಗೋದಲ್ಲಿ ಗೆಲ್ಲಲು ಸಾಧ್ಯವಾಯಿತು.

ಅದೇ ಜೂನ್ ತಿಂಗಳಲ್ಲಿ ಮೂವತ್ತೊಂದು ವರ್ಷದ ಆರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟುತ್ತಿದ್ದ. ವೆಲಿಂಗ್ಟನ್ ಎಂಬ ಪದವಿ ಅವನಿಗೆ ಆಮೇಲೆ ಬಂದದ್ದು; ಆಗ ಅವನು ಶ್ರೀರಂಗಪಟ್ಟಣದ ಉಸ್ತುವಾರಿಯಲ್ಲಿದ್ದ ಕರ್ನಲ್. ಬೆನ್ನಟ್ಟಿದ್ದು ಚನ್ನಗಿರಿಯ ಧೋಂಡಿಯಾ ವಾಘ್‌ನನ್ನು. ಮಳೆಗಾಲ, ತುಂಬಿದ ಹೊಳೆಗಳು, ಮುಂದೆ ಮುಂದೆ ಓಡುವ ಕುದುರೆ ದಂಡು. ಹಿಂದಿನಿಂದ ಅಕ್ಕಿ ಬರದಿದ್ದರೆ ತನ್ನ ದಂಡು ನಿಲ್ಲುತ್ತದೆ, ಎತ್ತು ಸತ್ತರೆ ಅಕ್ಕಿ ಬರುವುದಿಲ್ಲ. ಈ ಸಣ್ಣ ಲೆಕ್ಕವನ್ನು ತಪ್ಪಿದವರ ಗತಿ ಏನೆಂದು ಆ ಸೈನ್ಯಕ್ಕೆ ಗೊತ್ತಿತ್ತು. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದೂ, ಎತ್ತುಗಳು ಸತ್ತು ದವಸ ತೀರಿ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಿಂದಿರುಗಿದ್ದ. ವೆಲ್ಲೆಸ್ಲಿ ಹಾಗಾಗಗೊಡಲಿಲ್ಲ. ದವಸ ಸಾಗಿಸುವ ಬಂಜಾರರು ಮತ್ತು ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬೆಳೆದು ಬಂದ ಅಮೃತಮಹಲ್ ಎತ್ತುಗಳ ಬೆಲೆಯನ್ನು ಅವನು ಅರಿತದ್ದು ಈ ನೆಲದಲ್ಲಿ. ಸೆಪ್ಟೆಂಬರ್ 10ರಂದು ಧೋಂಡಿಯಾ ಹತನಾದ.

ನೆಪೋಲಿಯನ್ನನ ಸೈನ್ಯಗಳ ರೀತಿ ಇದಕ್ಕೆ ತದ್ವಿರುದ್ಧ. ದೊಡ್ಡ ಉಗ್ರಾಣ, ಉದ್ದನೆಯ ಗಾಡಿಸಾಲು ಅವರಿಗೆ ಭಾರ. ಹೋದಲ್ಲಿನ ಹಳ್ಳಿಯೇ ಅವರಿಗೆ ಅನ್ನ ಹಾಕಬೇಕು. ಉತ್ತರ ಇಟಲಿ, ದಕ್ಷಿಣ ಜರ್ಮನಿಯಂಥ ಸಮೃದ್ಧ ಸೀಮೆಗಳಲ್ಲಿ ಈ ಪದ್ಧತಿಯಿಂದ ವೇಗ ಸಿಕ್ಕಿತು, ಗೆಲುವೂ ಸಿಕ್ಕಿತು. ಬಡ ಗುಡ್ಡಗಾಡಿನ ಪೋರ್ಚುಗಲ್‌ನಲ್ಲಿ ಇದೇ ಅವರ ದುರ್ಬಲ ಜಾಗ ಎಂದು ವೆಲಿಂಗ್ಟನ್ ಗುರುತಿಸಿದ.

1809ರ ಅಕ್ಟೋಬರ್ 20ರಂದು ಅವನು ತನ್ನ ಎಂಜಿನಿಯರ್ ರಿಚರ್ಡ್ ಫ್ಲೆಚರ್‌ಗೆ ಒಂದು ಟಿಪ್ಪಣಿ ಬರೆದ. ಪೂರ್ವದಲ್ಲಿ ಟ್ಯಾಗಸ್ ನದಿ, ಪಶ್ಚಿಮದಲ್ಲಿ ಅಟ್ಲಾಂಟಿಕ್ ಸಾಗರ. ನಡುವಿನ ಗುಡ್ಡಗಳನ್ನು ಬೇಲಿಯಂತೆ ಮುಚ್ಚಿಬಿಟ್ಟರೆ ಲಿಸ್ಬನ್ ಸುರಕ್ಷಿತ. ಪೋರ್ಚುಗಲ್‌ನ ಎಂಜಿನಿಯರ್ ನೆವೆಸ್ ಕೋಸ್ಟಾ ಈ ಸೀಮೆಯನ್ನು ಮೊದಲೇ ಅಳೆದಿದ್ದ. ಸುತ್ತಲಿನ ಸಾವಿರಾರು ರೈತರು ಒಂದು ವರ್ಷ ಗುದ್ದಲಿ ಹಿಡಿದರು. ಮಸೇನಾ ಬರುವ ಹೊತ್ತಿಗೆ ನೂರಕ್ಕೂ ಹೆಚ್ಚು ಕೋಟೆಗಳು, ಇನ್ನೂರಕ್ಕೂ ಹೆಚ್ಚು ಫಿರಂಗಿಗಳು ಎರಡು ಸಾಲುಗಳಲ್ಲಿ ಸಿದ್ಧವಾಗಿದ್ದವು. ಬೇಲಿಯೊಳಗಿನ ಸೈನ್ಯಕ್ಕೆ ಊಟ ಲಿಸ್ಬನ್ ಬಂದರಿನಿಂದ. ಕಡಲು ಇಂಗ್ಲಿಷರ ಕೈಯಲ್ಲಿದ್ದುದರಿಂದ ಅಮೆರಿಕದ ಗೋಧಿಹಿಟ್ಟು ಕೂಡ ಅಲ್ಲಿಗೆ ಬರುತ್ತಿತ್ತು.

ಯೋಜನೆಯ ಇನ್ನರ್ಧ ಬೇಲಿಯ ಹೊರಗಿತ್ತು. ಗಡಿಯಿಂದ ಗುಡ್ಡಗಳವರೆಗಿನ ಸೀಮೆಯನ್ನು ಖಾಲಿ ಮಾಡಬೇಕು: ದವಸ ಸುಡಬೇಕು ಇಲ್ಲವೆ ಹೊತ್ತೊಯ್ಯಬೇಕು, ಬೀಸುವ ಗಿರಣಿ ಕೆಡಿಸಬೇಕು, ದನಕರು ಹೊಡೆದುಕೊಂಡು ಊರು ಬಿಡಬೇಕು. ರಾಜಮನೆತನ ಬ್ರೆಜಿಲ್‌ಗೆ ಹೋಗಿದ್ದರಿಂದ ದೇಶ ನಡೆಸುತ್ತಿದ್ದ ಆಡಳಿತ ಮಂಡಳಿಯಲ್ಲೇ ಇದಕ್ಕೆ ವಿರೋಧವಿತ್ತು. ತಮ್ಮ ನಾಡನ್ನು ಉಳಿಸಲು ತಮ್ಮ ನಾಡನ್ನೇ ಹಾಳುಗೆಡವಬೇಕೆ ಎಂಬ ಅವರ ಆಕ್ಷೇಪದಲ್ಲಿ ನ್ಯಾಯವಿತ್ತು. ವೆಲಿಂಗ್ಟನ್ ಪಟ್ಟು ಸಡಿಲಿಸಲಿಲ್ಲ.

ಸುಮಾರು 65,000 ಸೈನಿಕರೊಂದಿಗೆ ಬಂದ ಮಸೇನಾ ಗಡಿಯ ಅಲ್ಮೇಡಾ ಕೋಟೆಯನ್ನು ಆಗಸ್ಟ್ ಕೊನೆಯಲ್ಲಿ ಹಿಡಿದ. ಸೆಪ್ಟೆಂಬರ್ 27ರಂದು ಬುಸಾಕೊ ಬೆಟ್ಟದಲ್ಲಿ ಎದುರಾಳಿಗಳ ಮೇಲೆ ನೇರವಾಗಿ ಏರಿಹೋಗಿ 4,000ಕ್ಕೂ ಹೆಚ್ಚು ಜನರನ್ನು ಸಾವು, ಗಾಯಗಳಿಗೆ ಕಳೆದುಕೊಂಡ. ಆ ಬೆಟ್ಟದ ನೆನಪು ಹಸಿಯಾಗಿದ್ದಾಗಲೇ ಟೊರೆಸ್ ವೆದ್ರಾಸ್‌ನ ಗುಡ್ಡಗಳು ಎದುರಾದವು. ಅವನು ದಾಳಿ ಮಾಡಲಿಲ್ಲ. ವೆಲಿಂಗ್ಟನ್ನನೂ ಹೊರಗೆ ಬರಲಿಲ್ಲ.

ಒಂದು ತಿಂಗಳು ಹೀಗೆ ಕೂತು, ನವೆಂಬರ್ ಮಧ್ಯದಲ್ಲಿ ಮಸೇನಾ ಸ್ವಲ್ಪ ಹಿಂದಿನ ಸಾಂತಾರೆಂ ಪಟ್ಟಣಕ್ಕೆ ಸರಿದ. ಅಷ್ಟರಲ್ಲೇ ಅವನು ಗಡಿಗೆ ಓಡುತ್ತಾನೆಂದು ಎದುರಾಳಿಗಳು ಎಣಿಸಿದ್ದರು. ಅವನು ಇಡೀ ಚಳಿಗಾಲ ಅಲ್ಲೇ ನಿಂತ. ಕಾರಣ ಸರಳ. ಆಜ್ಞೆ ಬಂದರೂ ಎಷ್ಟೋ ರೈತರು ಬೆಳೆದ ಕಾಳಿಗೆ ಬೆಂಕಿ ಇಡಲಿಲ್ಲ. ಗೋಡೆಯೊಳಗೆ, ನೆಲದಡಿಯಲ್ಲಿ ಅಡಗಿಸಿಟ್ಟರು. ಬಿತ್ತನೆಗೆ, ಮಕ್ಕಳಿಗೆ ಬೇಕಲ್ಲ! ಫ್ರೆಂಚ್ ಸೈನಿಕರು ಅದನ್ನು ಹುಡುಕುವುದರಲ್ಲಿ ಪಳಗಿದರು. ಗೋಡೆ ತಟ್ಟಿ ನೋಡಿದರು, ನೆಲ ಅಗೆದರು, ಸಿಕ್ಕಿದ ರೈತರನ್ನು ಹಿಂಸಿಸಿ ಬಾಯಿ ಬಿಡಿಸಿದರು. ಒಂದೊಂದು ತಿಂಗಳು ಕಳೆದಂತೆ ಇನ್ನೂ ದೂರದ ಹಳ್ಳಿಗಳಿಗೆ ಹೋದರು. ರೈತರು ಗುಂಪುಗೂಡಿ, ಒಂಟಿಯಾಗಿ ಸಿಕ್ಕ ಸೈನಿಕರನ್ನು ಕೊಂದರು.

1811ರ ಮಾರ್ಚ್ 5ರಂದು ಮಸೇನಾ ಹಿಮ್ಮೆಟ್ಟಿದ. ಏಪ್ರಿಲ್‌ನಲ್ಲಿ ಸ್ಪೇನ್ ಸೇರುವಾಗ ಸುಮಾರು 25,000 ಜನರನ್ನು ಕಳೆದುಕೊಂಡಿದ್ದ. ಕಾದಾಟದಲ್ಲಿ ಸತ್ತವರು ಅದರಲ್ಲಿ ಸಣ್ಣ ಪಾಲು. ಉಳಿದವರು ಹಸಿವಿಗೆ, ರೋಗಕ್ಕೆ ತುತ್ತಾದರು, ಇಲ್ಲವೆ ಸೆರೆಸಿಕ್ಕರು. ಮೇ ತಿಂಗಳಲ್ಲಿ ನೆಪೋಲಿಯನ್ ಅವನನ್ನು ತೆಗೆದು ಮಾರ್ಮೋಂಟ್‌ನನ್ನು ನೇಮಿಸಿದ. ಮುಂದೆ ಫ್ರೆಂಚರು ಲಿಸ್ಬನ್ನಿನ ಹತ್ತಿರ ಮತ್ತೆ ಸುಳಿಯಲಿಲ್ಲ.

ಸೇನಾ ಇತಿಹಾಸದಲ್ಲಿ ಇದು ಅತ್ಯಂತ ಮಿತವ್ಯಯದ ಗೆಲುವುಗಳಲ್ಲಿ ಒಂದು. ಕೋಟೆಸಾಲನ್ನು ಒಮ್ಮೆಯೂ ನಿಜವಾಗಿ ಪರೀಕ್ಷಿಸಬೇಕಾಗಲಿಲ್ಲ, ಇಂಗ್ಲಿಷ್ ಸೈನಿಕರು ಉಳಿದರು. ಮಿತವ್ಯಯ ಎಂಬ ಮಾತು ಪೋರ್ಚುಗಲ್‌ನ ರೈತರಿಗೆ ಅನ್ವಯಿಸುವುದಿಲ್ಲ. ಊರು ಬಿಟ್ಟು ಬಂದವರು ಲಿಸ್ಬನ್ನಿನ ಬೀದಿಗಳಲ್ಲಿ ಮತ್ತು ಸುತ್ತಲಿನ ಬಯಲಿನಲ್ಲಿ ಚಳಿಗಾಲ ಕಳೆದರು. ಹಸಿವು, ಜ್ವರಗಳಿಗೆ ಬಲಿಯಾದ ನಾಗರಿಕರ ಸಂಖ್ಯೆ ಹತ್ತಾರು ಸಾವಿರ ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಆ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಅವರ ಪರಿಹಾರಕ್ಕೆ 1,00,000 ಪೌಂಡ್ ಮಂಜೂರು ಮಾಡಿತು.

ಜೆನೊವಾದಲ್ಲಿ ಮಸೇನಾ ಪಡೆದ ಕಾಲಾವಕಾಶಕ್ಕೆ ನಗರದ ಜನ ಬೆಲೆ ಕೊಟ್ಟರು. ಟೊರೆಸ್ ವೆದ್ರಾಸ್‌ನಲ್ಲಿ ವೆಲಿಂಗ್ಟನ್ ಪಡೆದ ಕಾಲಾವಕಾಶಕ್ಕೆ ಹಳ್ಳಿಯ ಜನ ಕೊಟ್ಟರು. ಹಸಿವಿನ ಲೆಕ್ಕದಲ್ಲಿ ಇಬ್ಬರೂ ನುರಿತವರೇ. ಆದರೂ ಆ ಚಳಿಗಾಲ ಇಬ್ಬರ ಲೆಕ್ಕವೂ ತಪ್ಪಿತು. ತನ್ನ ಕಾಳನ್ನು ತಾನೇ ಸುಡಲಾರದ ರೈತನನ್ನು ಒಬ್ಬ ಲೆಕ್ಕಕ್ಕೆ ಹಿಡಿಯಲಿಲ್ಲ, ಮನೆ ಬಿಟ್ಟು ಹೋಗಬಲ್ಲ ರೈತನನ್ನು ಇನ್ನೊಬ್ಬ ಹಿಡಿಯಲಿಲ್ಲ. 1811ರ ವಸಂತದಲ್ಲಿ ಆ ರೈತರಲ್ಲಿ ಬದುಕುಳಿದವರು ಊರಿಗೆ ಮರಳಿದಾಗ ಬಿತ್ತುವ ಹೊತ್ತಾಗಿತ್ತು. ಅಡಗಿಸಿಟ್ಟ ಬೀಜ ಎಷ್ಟೋ ಮನೆಗಳಲ್ಲಿ ಉಳಿದಿರಲಿಲ್ಲ.