ಪೊರೆ, ಮೋತಿಯಾ, ಕಾಲಾ ಮೋತಿಯಾ

ರೋಗಗಳ ಹೆಸರುಗಳಲ್ಲಿ ಹಿಂದಿನವರ ವೈದ್ಯಜ್ಞಾನ ಅಡಗಿರುತ್ತದೆ. ಜ್ಞಾನ ಬದಲಾದ ಮೇಲೂ ಹೆಸರು ಉಳಿಯುತ್ತದೆ. ಹೆಸರಿನೊಡನೆ ಹಳೆಯ ನಂಬಿಕೆಯೂ ಉಳಿದುಬರುತ್ತದೆ. ಕಣ್ಣಿನ ಬೇನೆಗಳ ವಿಷಯದಲ್ಲಿ ಈ ಮಾತು ಎಷ್ಟು ಸತ್ಯವೆಂಬುದನ್ನು ದೆಹಲಿಯಂಥ ಹಲವು ಭಾಷೆಗಳ ನಗರದಲ್ಲಿ ಸ್ಪಷ್ಟವಾಗಿ ಕಾಣಬಹುದು. ಕನ್ನಡಿಗನು ತನ್ನೂರಿನಲ್ಲಿ ‘ಪೊರೆ’ ಎಂದು ಕರೆಯುವ ಬೇನೆಗೆ ಇಲ್ಲಿಯ ಜನ ‘ಮೋತಿಯಾಬಿಂದ್’ ಎನ್ನುತ್ತಾರೆ, ಯುನಾನಿ ಹಕೀಮರ ಗ್ರಂಥಗಳಲ್ಲಿ ಅದು ‘ನುಜೂಲ್-ಉಲ್-ಮಾ’, ಆಯುರ್ವೇದದಲ್ಲಿ ‘ಲಿಂಗನಾಶ’. ಬೇನೆ ಒಂದೇ ಆದರೂ ಪ್ರತಿಯೊಂದು ಹೆಸರೂ ಒಂದೊಂದು ಬಗೆಯ ಕಲ್ಪನೆಯನ್ನು ಹೊತ್ತಿದೆ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ದೋಷವು ಕಣ್ಣಿನ ಪಟಲದಿಂದ ಪಟಲಕ್ಕೆ ಸಾಗಿ, ತಿಮಿರವಾಗಿ ಮೊದಲಾಗಿ, ಕಾಚವಾಗಿ, ಕೊನೆಗೆ ಲಿಂಗನಾಶವಾಗುತ್ತದೆಂದು ವರ್ಣಿಸಲಾಗಿದೆ. ಅರಬ್ಬೀ ವೈದ್ಯರ ‘ನುಜೂಲ್-ಉಲ್-ಮಾ’ ಎಂದರೆ ನೀರಿಳಿಯುವುದು. ತಲೆಯಿಂದ ಕೆಟ್ಟ ದ್ರವವೊಂದು ಇಳಿದು ಪಾಪೆಯ ಹಿಂದೆ ಹೆಪ್ಪುಗಟ್ಟುತ್ತದೆಂಬುದು ಅವರ ಭಾವನೆ. ಹನ್ನೊಂದನೆಯ ಶತಮಾನದಲ್ಲಿ ಕಾನ್‌ಸ್ಟಂಟೈನನು ಅರಬ್ಬೀ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದಾಗ ಇದೇ ಮಾತು ‘ಕ್ಯಾಟರಾಕ್ಟ’, ಅಂದರೆ ಧುಮುಕುವ ನೀರು, ಎಂದಾಯಿತು. ಹಿಂದಿಯ ಮಾತಿನಲ್ಲಿ ಮುತ್ತಿನ ಹನಿಯಿದೆ. ಕನ್ನಡದ ಮಾತಿನಲ್ಲಿ ಕಣ್ಣಿನ ಮೇಲೆ ಬೆಳೆಯುವ ತೆಳುವಾದ ಹೊದಿಕೆಯಿದೆ.

ಈ ಬೇನೆಯಲ್ಲಿ ಹೊಸದಾಗಿ ಬೆಳೆಯುವ ವಸ್ತು ಯಾವುದೂ ಇಲ್ಲ. ಹುಟ್ಟಿನಿಂದಲೂ ಪಾಪೆಯ ಹಿಂದಿರುವ ಸ್ವಚ್ಛವಾದ ಮಸೂರವೇ ಕ್ರಮೇಣ ಮಂಜಾಗುತ್ತದೆ. ಈ ಸಂಗತಿಯನ್ನು ಫ್ರಾನ್ಸಿನ ಬ್ರಿಸೋ ೧೭೦೫ರಲ್ಲಿ ಅಲ್ಲಿಯ ವಿಜ್ಞಾನ ಅಕಾಡೆಮಿಯ ಮುಂದಿಟ್ಟಾಗ ವಿದ್ವಾಂಸರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಆದಕಾರಣ ಪೊರೆಯನ್ನು ಕಣ್ಣಿನ ಮೇಲಣ ಹೊದಿಕೆಯೆಂದು ಭಾವಿಸಿ, ಜೇನುತುಪ್ಪ, ಈರುಳ್ಳಿರಸ ಮೊದಲಾದುವನ್ನು ಬಿಟ್ಟು ಕರಗಿಸಲು ಹವಣಿಸುವ ಹಳ್ಳಿಗರನ್ನು ಮೂಢರೆಂದು ಹಳಿಯುವುದು ನ್ಯಾಯವಲ್ಲ. ಮೂರು ಶತಮಾನಗಳ ಹಿಂದೆ ಪಂಡಿತರೇ ಅಂಥ ಭಾವನೆಯುಳ್ಳವರಾಗಿದ್ದರು. ಆದರೆ ಪಾಪೆಯ ಹಿಂದಿರುವ ಮಸೂರಕ್ಕೆ ಮೇಲಿನಿಂದ ಬಿಟ್ಟ ರಸದಿಂದ ಗುಣವಾಗದು. ಕಣ್ಣಿಗೆ ಹುಣ್ಣಾಗಿ ಇದ್ದ ನೋಟವೂ ಹೋಗುವ ಸಂಭವವುಂಟು.

೨

ಪ್ರಾಚೀನರ ಶಸ್ತ್ರಕ್ರಿಯೆ ಮಸೂರವನ್ನು ಹೊರತೆಗೆಯುವುದಾಗಿರಲಿಲ್ಲ. ಅದನ್ನು ದಾರಿಯಿಂದ ಸರಿಸುವುದಾಗಿತ್ತು. ಯವದ ಕಾಳಿನಂಥ ಮೊನೆಯುಳ್ಳ ಶಲಾಕೆಯನ್ನು ಕಣ್ಣಿನ ಬಿಳಿಯ ಭಾಗದಿಂದ ಒಳಹೊಗಿಸಿ, ಮಂಜಾದ ಮಸೂರವನ್ನು ಕೆಳಕ್ಕೆ ಒತ್ತುತ್ತಿದ್ದರು. ಸುಶ್ರುತನು ಆಮೇಲಿನ ಆರೈಕೆಗೂ ಅಷ್ಟೇ ಮಹತ್ವ ಕೊಟ್ಟಿದ್ದಾನೆ. ಕಣ್ಣಿಗೆ ತುಪ್ಪದ ಬಟ್ಟೆ ಕಟ್ಟಿ ರೋಗಿಯನ್ನು ಅಂಗಾತ ಮಲಗಿಸಬೇಕು. ಅವನು ಕೆಮ್ಮಬಾರದು, ಸೀನಬಾರದು, ಉಗುಳಬಾರದು.

ಶತಮಾನಗಳು ಉರುಳಿದಂತೆ ಈ ಕ್ರಿಯೆ ಗ್ರಂಥವಂತರ ಕೈಯಿಂದ ಅಲೆಮಾರಿಗಳ ಕೈಗೆ ಇಳಿಯಿತು. ಉತ್ತರ ಭಾರತದಲ್ಲಿ ಸಥಿಯಾ, ರಾವಲ್ ಎಂಬ ಹೆಸರಿನವರು ಊರೂರು ಸುತ್ತಿ ಸೂಜಿಯಿಂದ ಮೋತಿಯಾ ಇಳಿಸುತ್ತಿದ್ದರು. ಶಲಾಕೆ ಉಳಿಯಿತು, ಆರೈಕೆ ಅಳಿಯಿತು. ಆದರೂ ಜನ ಇವರನ್ನು ನಂಬಿದ್ದಕ್ಕೆ ಕಾರಣವಿಲ್ಲದಿಲ್ಲ. ಮಸೂರ ಸರಿದೊಡನೆ ಕುರುಡನು ಬೆರಳುಗಳನ್ನು ಎಣಿಸುತ್ತಿದ್ದನು. ನೆರೆದವರಿಗೆ ಅದಕ್ಕಿಂತ ಮಿಗಿಲಾದ ಪ್ರಮಾಣ ಬೇಕಿರಲಿಲ್ಲ. ಕೆಡುಕು ತೋರುತ್ತಿದ್ದುದು ದಿನಗಳ, ತಿಂಗಳುಗಳ ಮೇಲೆ. ಒಳಗೇ ಉಳಿದ ಮಸೂರದಿಂದ ಉರಿಯೂತವುಂಟಾಗುವುದು, ಒತ್ತಡ ಏರುವುದು, ಶುದ್ಧಿಯಿಲ್ಲದ ಸೂಜಿಯಿಂದ ಕಣ್ಣು ಕೀತುಹೋಗುವುದು. ಆ ಹೊತ್ತಿಗೆ ವೈದ್ಯನು ದಕ್ಷಿಣೆ ಪಡೆದು ಮುಂದಿನ ಊರು ಸೇರಿರುತ್ತಿದ್ದನು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದ್ದ ಎಲಿಯಟ್ ಎಂಬಾತನು ಹೀಗೆ ಕೆಟ್ಟ ಕಣ್ಣುಗಳನ್ನು ಪರೀಕ್ಷಿಸಿ ೧೯೧೮ರಲ್ಲಿ ಈ ಕ್ರಿಯೆಯ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದನು. ಕೂಡಲೇ ಕಾಣುವ ಗುಣವನ್ನು ನಂಬಿ, ತಡವಾಗಿ ಬರುವ ಕೇಡನ್ನು ಲೆಕ್ಕಕ್ಕೆ ಹಿಡಿಯದಿರುವುದು ಈ ನಂಬಿಕೆಗಳೆಲ್ಲದರ ಸಾಮಾನ್ಯ ಲಕ್ಷಣವೆನ್ನಬಹುದು.

೩

ಫ್ರಾನ್ಸಿನ ದಾವಿಯೆಲ್ ೧೭೪೭ರಲ್ಲಿ ಮಸೂರವನ್ನು ಹೊರತೆಗೆಯುವ ಕ್ರಮವನ್ನು ಆರಂಭಿಸಿದನು. ಈ ಕ್ರಮದೊಡನೆ ‘ಪೊರೆ ಹಣ್ಣಾಗಬೇಕು’ ಎಂಬ ಮಾತು ಬಲವಾಯಿತು. ಇಂದು ಇದನ್ನು ತಪ್ಪು ಕಲ್ಪನೆಯೆಂದು ಎಣಿಸುತ್ತಾರೆ. ಆದರೆ ಒಂದು ಕಾಲದಲ್ಲಿ ಇದು ಬಲ್ಲ ವೈದ್ಯರ ಸಲಹೆಯೇ ಆಗಿತ್ತು. ಎಳೆಯ ಪೊರೆಯನ್ನು ತೆಗೆದರೆ ಮಸೂರದ ಮೆತ್ತನೆಯ ಭಾಗ ಒಳಗೆ ಅಂಟಿಕೊಂಡು ಉರಿಯೂತಕ್ಕೆ ಕಾರಣವಾಗುತ್ತಿತ್ತು. ಬಲಿತದ್ದು ಇಡಿಯಾಗಿ ಕಳಚಿ ಬರುತ್ತಿತ್ತು. ಅಲ್ಲದೆ, ಮಸೂರ ಹೋದ ಕಣ್ಣಿಗೆ ದಪ್ಪಗಾಜಿನ ಕನ್ನಡಕ ಬೇಕಾಗಿ, ಅದರ ಮೂಲಕ ವಸ್ತುಗಳು ಸುಮಾರು ಕಾಲುಪಾಲು ದೊಡ್ಡದಾಗಿ ತೋರುತ್ತಿದ್ದುವು. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಎರಡು ನೋಟಗಳೂ ಹೊಂದುತ್ತಿರಲಿಲ್ಲ. ಆದ್ದರಿಂದ ಕಾಯುವುದೇ ವಿವೇಕವಾಗಿತ್ತು.

‘ಚಳಿಗಾಲದಲ್ಲೇ ಶಸ್ತ್ರಕ್ರಿಯೆ ಆಗಬೇಕು’ ಎಂಬುದಕ್ಕೂ ಇಂಥದೇ ಮೂಲವುಂಟು. ಶಾಲೆಗಳಲ್ಲಿ, ಛತ್ರಗಳಲ್ಲಿ, ಡೇರೆಗಳಲ್ಲಿ ನಡೆಯುತ್ತಿದ್ದ ಶಿಬಿರಗಳಿಗೆ ಬೇಸಗೆಯ ಧೂಳು, ಬೆವರು, ನೊಣ ಅಡ್ಡಿಯಾಗಿದ್ದುವು. ಕರ್ನಾಟಕದಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಇಂಥ ಶಿಬಿರಗಳ ಮೂಲಕವೇ ಮನೆಮಾತಾದರು. ೧೯೫೬ರಲ್ಲಿ ಪದ್ಮಶ್ರೀ, ೧೯೬೮ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದುವು. ಆಸ್ಪತ್ರೆಗೆ ಹೋಗಲಾರದವರ ಬಳಿಗೆ ಚಿಕಿತ್ಸೆಯೇ ನಡೆದುಬಂದುದು ಆ ಕಾಲದ ದೊಡ್ಡ ಸಾಧನೆ. ಆದರೆ ಶಿಬಿರದ ಋತು ಜನರ ಮನಸ್ಸಿನಲ್ಲಿ ರೋಗದ ಋತುವಾಗಿ ನಿಂತುಬಿಟ್ಟಿತು.

ವೈದ್ಯದ ಕ್ರಮ ಮುಂದೆ ಸಂಪೂರ್ಣವಾಗಿ ಬದಲಾಯಿತು. ಲಂಡನ್ನಿನ ರಿಡ್ಲಿ ೧೯೪೯ರಲ್ಲಿ ಕಣ್ಣಿನೊಳಗೇ ಕೃತಕ ಮಸೂರವನ್ನಿಟ್ಟನು. ಅಮೆರಿಕದ ಕೆಲ್ಮನ್ ೧೯೬೭ರಲ್ಲಿ ಧ್ವನ್ಯತೀತ ಕಂಪನದಿಂದ ಮಸೂರವನ್ನು ಪುಡಿಮಾಡಿ ಸಣ್ಣ ರಂಧ್ರದ ಮೂಲಕ ಹೀರುವ ವಿಧಾನವನ್ನು ಕಂಡುಹಿಡಿದನು. ಅದೇ ೧೯೬೭ರ ಮಾರ್ಚಿ ತಿಂಗಳಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ರಾಜೇಂದ್ರ ಪ್ರಸಾದ್ ನೇತ್ರವಿಜ್ಞಾನ ಕೇಂದ್ರ ಸ್ಥಾಪಿತವಾಯಿತು. ಅದರ ಮೊದಲ ಮುಖ್ಯಸ್ಥರಾದ ಡಾ. ಎಲ್. ಪಿ. ಅಗರ್ವಾಲರು ೧೯೭೬ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮಕ್ಕೂ ಶ್ರಮಿಸಿದರು. ಈಗ ನಿತ್ಯದ ಕೆಲಸಕ್ಕೆ ನೋಟ ಸಾಲದಾದಾಗಲೇ, ಯಾವ ಋತುವಿನಲ್ಲಾದರೂ, ಪೊರೆ ತೆಗೆಯಬಹುದು. ಹಣ್ಣಾಗಲೆಂದು ಕಾದ ಮಸೂರ ಗಟ್ಟಿಯಾಗಿ ಹೊಸ ವಿಧಾನಕ್ಕೆ ಕಠಿನವಾಗುತ್ತದೆ. ಆದರೂ ಕಾಯುವವರು ಕಾಯುತ್ತಲೇ ಇದ್ದಾರೆ. ೨೦೧೫-೧೯ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐವತ್ತು ವರ್ಷ ಮೀರಿದವರ ಅಂಧತ್ವಕ್ಕೆ ಶೇಕಡ ೬೬.೨ರಷ್ಟು ಪಾಲು ಪೊರೆಯೇ ಕಾರಣವೆಂದು ಕಂಡುಬಂದಿತು. ಹಣದ ಅಭಾವ, ದೂರ, ಕರೆದೊಯ್ಯುವವರಿಲ್ಲದಿರುವುದು ಇವುಗಳ ಜೊತೆಗೆ ಅಜ್ಜನ ಕಾಲದ ವೈದ್ಯನ ಮಾತೂ ಅವರನ್ನು ಮನೆಯಲ್ಲಿ ಕೂರಿಸಿದೆ.

೪

ಹೆಸರಿನಿಂದಾಗುವ ಅನರ್ಥಕ್ಕೆ ‘ಕಾಲಾ ಮೋತಿಯಾ’ ಎಂಬುದಕ್ಕಿಂತ ದಾರುಣವಾದ ನಿದರ್ಶನವಿಲ್ಲ. ಇದು ಗ್ಲಾಕೋಮಾ ರೋಗಕ್ಕೆ ದೆಹಲಿಯ ಸುತ್ತುಮುತ್ತ ಬಳಕೆಯಲ್ಲಿರುವ ಹೆಸರು. ಪೊರೆಗೆ ‘ಸಫೇದ್ ಮೋತಿಯಾ’ ಎನ್ನುವುದರಿಂದ, ಒಂದೇ ಬೇನೆಗೆ ಬಿಳಿಯದು, ಕರಿಯದು ಎಂಬ ಎರಡು ಬಗೆಗಳಿವೆಯೆಂದು ಕೇಳಿದವರಿಗೆ ತೋರುತ್ತದೆ. ವಾಸ್ತವದಲ್ಲಿ ಇವೆರಡೂ ಬೇರೆ. ಗ್ಲಾಕೋಮಾದಲ್ಲಿ ಕೆಡುವುದು ಮಸೂರವಲ್ಲ, ದೃಷ್ಟಿನರ. ಬಹುಮಟ್ಟಿಗೆ ಕಣ್ಣಿನ ಒಳಗಿನ ಒತ್ತಡ ಹೆಚ್ಚಿ ನರ ಸವೆಯುತ್ತದೆ. ನೋಟವು ಅಂಚಿನಿಂದ ಕುಗ್ಗುತ್ತ ಬರುವುದರಿಂದ, ನಡುನೋಟ ಉಳಿದಿರುವವರೆಗೆ ರೋಗಿಗೆ ತಿಳಿಯುವುದೇ ಇಲ್ಲ.

ಪೊರೆಯಿಂದ ಹೋದ ನೋಟ ಶಸ್ತ್ರಕ್ರಿಯೆಯಿಂದ ಸಾಮಾನ್ಯವಾಗಿ ಮರಳುತ್ತದೆ. ಗ್ಲಾಕೋಮಾದಿಂದ ಹೋದದ್ದು ಮರಳುವುದಿಲ್ಲ. ಉಳಿದದ್ದನ್ನು ಔಷಧದ ಹನಿ, ಲೇಸರ್ ಅಥವಾ ಶಸ್ತ್ರಕ್ರಿಯೆಗಳಿಂದ ಕಾಯ್ದುಕೊಳ್ಳಬಹುದು, ಅಷ್ಟೇ. ಹೀಗಿರುವಾಗ ‘ಇದೂ ಮೋತಿಯಾ, ಬಲಿಯಲಿ, ಆಮೇಲೆ ತೆಗೆಸೋಣ’ ಎಂದು ಕಾದವನು ಕಾದಷ್ಟೂ ಕಳೆದುಕೊಳ್ಳುತ್ತಾನೆ. ಹನಿ ಬಿಟ್ಟರೂ ನೋಟ ಸುಧಾರಿಸಲಿಲ್ಲವೆಂದು ಔಷಧವನ್ನು ನಿಲ್ಲಿಸುವವರೂ ಉಂಟು. ಹನಿಯ ಕೆಲಸ ಸುಧಾರಣೆಯಲ್ಲ, ರಕ್ಷಣೆ ಎಂಬುದನ್ನು ಹೆಸರು ಮರೆಮಾಡಿದೆ. ಇನ್ನೊಂದು ವಿಪರ್ಯಾಸವೆಂದರೆ, ಅತಿಯಾಗಿ ಬಲಿತ ಪೊರೆ ಊದಿಕೊಂಡು ಅಥವಾ ಸೋರಿ ಒತ್ತಡವನ್ನೇರಿಸಿ, ಬಿಳಿಯ ಮೋತಿಯಾವೇ ಕರಿಯದನ್ನು ಬರಮಾಡುವುದೂ ಉಂಟು.

೫

ಕನ್ನಡಕದ ವಿಷಯವಾಗಿಯೂ ಒಂದೆರಡು ಮಾತು ಸಲ್ಲುತ್ತವೆ. ಈ ಉಪಕರಣ ಕನ್ನಡನಾಡಿಗೆ ಹೊಸದಲ್ಲ. ವಿಜಯನಗರದ ವ್ಯಾಸರಾಯರು ಇಂಥ ಸಾಧನದಿಂದ ಗ್ರಂಥಾವಲೋಕನ ಮಾಡುತ್ತಿದ್ದರೆಂದು ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಿಂದ ತಿಳಿಯುವುದನ್ನು ಪುಣೆಯ ವಿದ್ವಾಂಸ ಪಿ. ಕೆ. ಗೋಡೆಯವರು ಎತ್ತಿ ತೋರಿಸಿದ್ದಾರೆ. ಆದರೂ ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗಿ ದೋಷ ಹೆಚ್ಚುತ್ತದೆಂಬ ಶಂಕೆ ಇಂದಿಗೂ ಬಿಟ್ಟಿಲ್ಲ. ಅಮೆರಿಕದ ಬೇಟ್ಸ್ ೧೯೨೦ರಲ್ಲಿ ಕನ್ನಡಕವಿಲ್ಲದೆ ಪೂರ್ಣದೃಷ್ಟಿ ಪಡೆಯಬಹುದೆಂದು ಪ್ರತಿಪಾದಿಸಿದನು. ದೆಹಲಿಯ ದರಿಯಾಗಂಜಿನಲ್ಲಿ ಡಾ. ಆರ್. ಎಸ್. ಅಗರ್ವಾಲರು ಆ ಮಾರ್ಗದಲ್ಲಿ ಚಿಕಿತ್ಸೆ ನಡೆಸಿ ಪುಸ್ತಕಗಳನ್ನೂ ಬರೆದರು. ವ್ಯಾಯಾಮದಿಂದ ದಣಿವಾರಬಹುದು, ಉದ್ದವಾದ ಕಣ್ಣುಗುಡ್ಡೆ ಗಿಡ್ಡವಾಗದು.

ದೆಹಲಿಯ ಮಕ್ಕಳಲ್ಲಿ ಸಮೀಪದೃಷ್ಟಿ ೨೦೦೨ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇಕಡ ೭.೪ ಇದ್ದಿತು, ೨೦೧೫ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಶೇಕಡ ೧೩.೧. ಎರಡರ ಕ್ರಮಗಳೂ ಒಂದೇ ಅಲ್ಲವಾದರೂ ಅಂತರ ಗಮನಾರ್ಹವಾದುದು. ಎರಡನೆಯ ಸಮೀಕ್ಷೆಯಲ್ಲಿ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಆಡುವ ಮಕ್ಕಳಲ್ಲಿ ದೋಷ ಕಡಿಮೆಯೆಂದು ಕಂಡುಬಂದಿತು. ಇಲ್ಲಿ ಹಿರಿಯರ ಹಳೆಯ ಮಾತೊಂದು ನಿಜವಾಗಿದೆ. ಹೊರಗೆ ಆಡಿಬರುವ ಮಗುವಿಗೆ ಲಾಭವುಂಟು. ಕನ್ನಡಕವನ್ನು ಕಸಿದುಕೊಂಡರೆ ಮಾತ್ರ ಕರಿಹಲಗೆ ಕಾಣದು.

ಮೇಲಿನ ವಿವೇಚನೆಯಿಂದ ಒಂದಂಶ ವ್ಯಕ್ತವಾಗುತ್ತದೆ. ಜನರ ತಪ್ಪು ತಿಳಿವಳಿಕೆಗಳಲ್ಲಿ ಹಲವು ನಿನ್ನೆಯ ವೈದ್ಯದ ಮಾತುಗಳೇ. ವೈದ್ಯ ಅವನ್ನು ಬಿಟ್ಟು ಮುಂದೆ ಸಾಗಿತು, ಹಿಂದಿರುಗಿ ಬಂದು ಜನರಿಗೆ ತಿಳಿಸಲಿಲ್ಲ. ಆದುದರಿಂದ ಅವುಗಳ ನಿವಾರಣೆಗೆ ಪರಿಹಾಸ್ಯಕ್ಕಿಂತ ವಿವರಣೆಯೇ ಮೇಲು. ‘ಮೋತಿಯಾ’ ಎಂದು ಕೇಳಿ ಬಂದ ವೃದ್ಧರಿಗೆ ಅದು ಯಾವ ಮೋತಿಯಾ ಎಂಬುದನ್ನು ಅವರ ನುಡಿಯಲ್ಲೇ ಬಿಡಿಸಿ ಹೇಳುವುದು, ನಲವತ್ತು ದಾಟಿದವರು ಅಕ್ಷರಫಲಕದ ಜೊತೆಗೆ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿಕೊಳ್ಳುವಂತೆ ಮಾಡುವುದು, ಹನಿ ನಿಲ್ಲಿಸಬಾರದೇಕೆಂದು ಮನೆಯವರಿಗೂ ತಿಳಿಸುವುದು, ಇವು ಸಣ್ಣ ಕಾರ್ಯಗಳಾದರೂ ಇವುಗಳಿಂದ ಉಳಿಯುವ ಕಣ್ಣುಗಳು ಸಣ್ಣ ಸಂಖ್ಯೆಯವಲ್ಲ.