ಜೂಜುಗಾರನ ಮಾತು ಕೇಳುವವರು

ಮಹಾಭಾರತದ ವನಪರ್ವದಲ್ಲಿ ಒಂದು ಪ್ರಸಂಗವಿದೆ. ಅರ್ಜುನ ದಿವ್ಯಾಸ್ತ್ರಗಳಿಗಾಗಿ ಇಂದ್ರಲೋಕಕ್ಕೆ ಹೋಗಿದ್ದಾನೆ. ಕಾಮ್ಯಕವನದಲ್ಲಿ ಉಳಿದವರ ಬಳಿಗೆ ಬೃಹದಶ್ವನೆಂಬ ಋಷಿ ಬರುತ್ತಾನೆ. ಧರ್ಮರಾಯ ಅವನೆದುರು ದುಃಖ ತೋಡಿಕೊಂಡು, ತನ್ನಷ್ಟು ನಿರ್ಭಾಗ್ಯನಾದ ಅರಸ ಇನ್ನೊಬ್ಬನಿದ್ದಾನೆಯೇ ಎಂದು ಕೇಳುತ್ತಾನೆ. ಋಷಿ ಅವನನ್ನು ಬೈಯುವುದಿಲ್ಲ. ಜೂಜು ಪಾಪವೆಂದು ಉಪದೇಶವನ್ನೂ ಮಾಡುವುದಿಲ್ಲ. ನಿನಗಿಂತ ಕಷ್ಟಪಟ್ಟವನೊಬ್ಬನಿದ್ದ ಎಂದು ನಳನ ಕಥೆಯನ್ನು ಹೇಳತೊಡಗುತ್ತಾನೆ. ಪಗಡೆಯಲ್ಲಿ ರಾಜ್ಯ ಸೋತು, ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು, ರೂಪವನ್ನೂ ಕಳೆದುಕೊಂಡು ಊರೂರು ಅಲೆದ ನಳ. ಕನಕದಾಸರ ‘ನಳಚರಿತ್ರೆ’ಯಿಂದಾಗಿ ಕನ್ನಡಿಗರಿಗೆ ಈ ಕಥೆ ಮನೆಮಾತು. ಆದರೆ ಅದನ್ನು ಹೇಳಿದವರು ಯಾರು, ಕೇಳಿದವರು ಯಾರು, ಯಾವ ಹೊತ್ತಿನಲ್ಲಿ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸೋತ ಜೂಜುಗಾರನಿಗೆ ಇನ್ನೊಬ್ಬ ಸೋತ ಜೂಜುಗಾರನ ಕಥೆಯೇ ಅಲ್ಲಿ ಸಾಂತ್ವನವಾಯಿತು.

ಜೂಜಿನ ಸಂಕಟದ ದಾಖಲೆ ಇದಕ್ಕಿಂತಲೂ ಹಳೆಯದು. ಋಗ್ವೇದದ ಹತ್ತನೆಯ ಮಂಡಲದ ಮೂವತ್ತನಾಲ್ಕನೆಯ ಸೂಕ್ತದಲ್ಲಿ ಜೂಜುಗಾರನೇ ಮಾತನಾಡುತ್ತಾನೆ. ಹೆಂಡತಿ ದೂರವಾಗಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ, ಸಾಲಗಾರನಾಗಿ ರಾತ್ರಿ ಪರರ ಮನೆಯ ಕಡೆ ನಡೆಯುತ್ತಾನೆ. ಇನ್ನು ಆಡಲಾರೆ ಎಂದುಕೊಂಡ ಮೇಲೂ ದಾಳಗಳ ಸದ್ದು ಕೇಳಿದೊಡನೆ ಕಾಲು ಅತ್ತಲೇ ಎಳೆಯುತ್ತದೆ. ಇಂದಿನ ಆಪ್ತಸಲಹೆಗಾರರು ಇದನ್ನು ಓದಿದರೆ ತಮ್ಮ ಕಡತದ ಪುಟವೊಂದನ್ನು ತಿರುವಿದಂತೆ ಅನ್ನಿಸೀತು. ರೋಗದ ವಿವರಣೆ ಹೀಗೆ ಮೂರು ಸಾವಿರ ವರ್ಷಗಳಷ್ಟು ಹಿಂದೆಯೇ ಸಿಕ್ಕಿತು. ಚಿಕಿತ್ಸೆ ಮಾತ್ರ ಬಹಳ ತಡವಾಗಿ ಬಂತು.

ಅದು ಬಂದದ್ದು 1957ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ. ಜೂಜಿನಿಂದ ಕೆಟ್ಟ ಇಬ್ಬರು ಆ ವರ್ಷದ ಜನವರಿಯಲ್ಲಿ ಆಕಸ್ಮಿಕವಾಗಿ ಭೇಟಿಯಾದರು. ಆಗಾಗ ಕೂತು ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತಿದ್ದಷ್ಟು ದಿನ ಇಬ್ಬರೂ ಆಟದಿಂದ ದೂರವಿರುವುದು ಸಾಧ್ಯವಾಯಿತು. ಪತ್ರಿಕೆಯ ಅಂಕಣಕಾರ ಪಾಲ್ ಕೋಟ್ಸ್ ಅವರ ವಿಷಯ ಬರೆದರು. ಸೆಪ್ಟೆಂಬರ್ 13ರಂದು ‘ಗ್ಯಾಂಬ್ಲರ್ಸ್ ಅನಾನಿಮಸ್’ ಎಂಬ ಹೆಸರಿನ ಮೊದಲ ಸಭೆ ನಡೆಯಿತು. ಅಂದು ಹದಿಮೂರನೆಯ ತಾರೀಖು, ಮೇಲಾಗಿ ಶುಕ್ರವಾರ. ಪಾಶ್ಚಾತ್ಯರ ನಂಬಿಕೆಯಲ್ಲಿ ಅದಕ್ಕಿಂತ ಅಪಶಕುನದ ದಿನವಿಲ್ಲ. ಅದೃಷ್ಟವನ್ನು ನಂಬಿ ಕೆಟ್ಟವರು ಸೇರುವುದಕ್ಕೆ ತಕ್ಕ ದಿನವೇ ಸಿಕ್ಕಿತೆನ್ನಬೇಕು.

ಕುಡಿತ ಬಿಡಲು 1935ರಲ್ಲಿ ಹುಟ್ಟಿಕೊಂಡಿದ್ದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಈ ಸಂಘಕ್ಕೆ ಮಾದರಿ. ಆದರೆ ಒಂದು ವ್ಯತ್ಯಾಸ ಗಮನಾರ್ಹ. ಕುಡುಕರ ಸಂಘದ ನಾಲ್ಕನೆಯ ಹೆಜ್ಜೆ ತನ್ನ ನಡತೆಯ ಲೆಕ್ಕವನ್ನು ತಾನೇ ಬರೆದುಕೊಳ್ಳುವುದು. ಜೂಜುಗಾರರ ಸಂಘ ಅದಕ್ಕೆ ಹಣದ ಲೆಕ್ಕವನ್ನೂ ಸೇರಿಸಿತು. ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಪೈಸೆ ಬಿಡದೆ ಬರೆದು, ಹಳೆಯ ಸದಸ್ಯರ ಎದುರು, ಮದುವೆಯಾಗಿದ್ದರೆ ಹೆಂಡತಿಯನ್ನೂ ಕೂರಿಸಿಕೊಂಡು, ತಿಂಗಳಿಗೆಷ್ಟು ತೀರಿಸಬಹುದೆಂದು ನಿಗದಿ ಮಾಡಿಕೊಳ್ಳುವ ಬೈಠಕ್ ಕೂಡ ಅಲ್ಲಿ ಉಂಟು. ಕುಡಿದವನ ಬಾಯಿ ನಾರುತ್ತದೆ, ಕಾಲು ತಡವರಿಸುತ್ತದೆ. ಜೂಜುಗಾರನಲ್ಲಿ ಅಂಥ ಗುರುತು ಒಂದೂ ಇಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೆ ಹೋಗಿ ಬರುವವನ ಮನೆಯ ಮೇಲೆ ಎಷ್ಟು ಸಾಲವಿದೆಯೆಂದು ಸಾಲಗಾರರು ಬಾಗಿಲು ಬಡಿಯುವವರೆಗೆ ಹೆಂಡತಿಗೂ ತಿಳಿದಿರುವುದಿಲ್ಲ.

ಹೆಂಡತಿಯ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ತನ್ನನ್ನೇ ಸೋತವನಿಗೆ ನನ್ನನ್ನು ಪಣವೊಡ್ಡುವ ಅಧಿಕಾರ ಎಲ್ಲಿತ್ತು ಎಂದು ಸಭೆಯಲ್ಲಿ ಕೇಳಿದವಳು ದ್ರೌಪದಿ. ಅಂದು ಭೀಷ್ಮರಿಗೂ ಉತ್ತರ ಹೊಳೆಯಲಿಲ್ಲ. ಬೃಹದಶ್ವ ಬಂದಾಗಲೂ ಕಥೆ ಹೇಳಿದ್ದು ಧರ್ಮರಾಯನಿಗೆ. ಅವಳೂ ಅದೇ ವನದಲ್ಲಿದ್ದಳು. ಲಾಸ್ ಏಂಜಲೀಸಿನ ಸಭೆಯ ಮೂರು ವರ್ಷಗಳ ನಂತರ, 1960ರಲ್ಲಿ, ನ್ಯೂಯಾರ್ಕಿನಲ್ಲಿ ‘ಗ್ಯಾಮ್ ಅನಾನ್’ ಎಂಬ ಸಂಘ ಆರಂಭವಾಯಿತು. ಅದು ಜೂಜುಗಾರರದ್ದಲ್ಲ, ಅವರ ಮನೆಯವರದು. ಅಲ್ಲಿ ಮೊದಲು ಕಲಿಸುವ ಪಾಠ ಕಠಿಣವಾದದ್ದು: ಅವನ ಸಾಲವನ್ನು ನೀವು ತೀರಿಸಬೇಡಿ.

ನಮ್ಮ ಮನೆಗಳಲ್ಲಿ ಇದನ್ನು ಹೇಳಿ ನೋಡಿ. ಮಗ ಸಾಲ ಮಾಡಿದ್ದಾನೆ ಎಂದರೆ ಅಪ್ಪ ಹೊಲ ಬರೆದುಕೊಡುತ್ತಾನೆ, ತಾಯಿ ಬಳೆ ಬಿಚ್ಚುತ್ತಾಳೆ, ಭಾವಮೈದುನ ಬ್ಯಾಂಕಿನಿಂದ ಹಣ ತರುತ್ತಾನೆ. ‘ಇದೊಂದು ಸಲ ತೀರಿಸಿಬಿಟ್ಟರೆ ಸರಿಹೋಗುತ್ತಾನೆ’ ಎಂಬ ಮಾತು ಕೇಳದ ಊರಿಲ್ಲ. ಜೂಜುಗಾರನಿಗೆ ಮಾತ್ರ ಆ ಹಣ ಇನ್ನೊಂದು ಗೆಲುವಿನಂತೆಯೇ ಕಾಣುತ್ತದೆ. ಸೋತರೂ ಹಣ ಬಂತಲ್ಲ! ಅಮೆರಿಕದ ಮನೋವೈದ್ಯ ರಾಬರ್ಟ್ ಕಸ್ಟರ್ ಇದನ್ನು ಗುರುತಿಸಿದವರಲ್ಲಿ ಪ್ರಮುಖರು. ಓಹಾಯೋ ರಾಜ್ಯದ ಬ್ರೆಕ್ಸ್‌ವಿಲ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 1972ರಲ್ಲಿ ಜೂಜಿನ ಗೀಳಿಗೆಂದೇ ಒಳರೋಗಿ ಚಿಕಿತ್ಸೆ ಆರಂಭಿಸಿದವರು ಅವರು. ಮೊದಲು ಗೆಲುವಿನ ದಿನಗಳು, ಆಮೇಲೆ ಸೋಲಿನ ದಿನಗಳು, ಕೊನೆಗೆ ಹತಾಶೆಯ ದಿನಗಳು ಎಂದು ಅವರು ಈ ರೋಗದ ನಡೆಯನ್ನು ವಿಂಗಡಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ರೋಗಸೂಚಿ ಇದನ್ನು ಕಾಯಿಲೆಯೆಂದು ಒಪ್ಪಿಕೊಂಡಿತು. 2013ರ ಆವೃತ್ತಿಯಲ್ಲಿ ಇದನ್ನು ಮದ್ಯ, ಮಾದಕ ವಸ್ತುಗಳ ಚಟದ ಪಕ್ಕದಲ್ಲೇ ಇಟ್ಟರು.

ಈಗ ಇಂಗ್ಲೆಂಡಿಗೆ ಹೋಗೋಣ. ಜೂಜು ಅಂಗಡಿಯಿಂದ ಫೋನಿಗೆ ಹೇಗೆ ಬಂತು, ನೆರವೂ ಅದರ ಬೆನ್ನು ಹತ್ತಿ ಹೇಗೆ ಬಂತು ಎಂಬುದು ಆ ದೇಶದಲ್ಲಿ ಚೆನ್ನಾಗಿ ಕಾಣುತ್ತದೆ. 1960ರ ಕಾಯ್ದೆಯ ಪ್ರಕಾರ ಮರುವರ್ಷ ಮೇ ತಿಂಗಳಲ್ಲಿ ಅಲ್ಲಿ ಬಾಜಿ ಕಟ್ಟುವ ಅಂಗಡಿಗಳಿಗೆ ಅನುಮತಿ ಸಿಕ್ಕಿತು. ಆರೇ ತಿಂಗಳಲ್ಲಿ ಸುಮಾರು ಹತ್ತು ಸಾವಿರ ಅಂಗಡಿಗಳು ತೆರೆದವು. ಆದರೆ ಅವು ಜನರನ್ನು ಸೆಳೆಯಬಾರದೆಂಬ ಎಚ್ಚರ ಸರ್ಕಾರಕ್ಕಿತ್ತು. ಒಳಗೆ ಟೀ ಇಲ್ಲ, ಟಿ.ವಿ. ಇಲ್ಲ, ಸಂಜೆ ಆರೂವರೆಗೆ ಬಾಗಿಲು ಹಾಕಲೇಬೇಕು. ನಗು ಬರಿಸುವ ನಿಯಮಗಳೆಂದು ಆಗ ಅನೇಕರು ಆಡಿಕೊಂಡರು. ಇಂದು ಯೋಚಿಸಿದರೆ, ಆ ಮುಚ್ಚಿದ ಬಾಗಿಲೇ ಎಷ್ಟೋ ಜನರನ್ನು ಮನೆಗೆ ಕಳಿಸುತ್ತಿದ್ದಿರಬೇಕು.

ಆ ಕಾಲದಲ್ಲಿ ಗಾರ್ಡನ್ ಮೂಡಿ ಎಂಬ ಮೆಥಡಿಸ್ಟ್ ಪಾದ್ರಿ ಜೂಜಿನ ವಿಷಯದಲ್ಲಿ ಚರ್ಚುಗಳ ಪರವಾಗಿ ಕೆಲಸ ಮಾಡುತ್ತಿದ್ದರು. ಜೂಜನ್ನು ಖಂಡಿಸುವುದಷ್ಟೇ ಆದರೆ ಆಡುವವನು ತನ್ನ ಹತ್ತಿರಕ್ಕೂ ಸುಳಿಯುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು. 1964ರಲ್ಲಿ ಗ್ಯಾಂಬ್ಲರ್ಸ್ ಅನಾನಿಮಸ್ ಬ್ರಿಟನ್ನಿನಲ್ಲಿ ಬೇರೂರಲು ನೆರವಾದರು. 1971ರಲ್ಲಿ, ಎಲ್ಲವನ್ನೂ ಕಳೆದುಕೊಂಡ ಜೂಜುಗಾರರು ತಂಗಿ ಚೇತರಿಸಿಕೊಳ್ಳಲೆಂದು ಅವರ ಹೆಸರಿನ ಮನೆಯೊಂದು ತೆರೆಯಿತು.

ಇದರ ಜೊತೆಜೊತೆಗೇ ಇನ್ನೊಂದು ಧಾರೆ ಹರಿದುಬಂತು. 1953ರ ನವೆಂಬರಿನಲ್ಲಿ ಲಂಡನ್ನಿನ ಚರ್ಚೊಂದರಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಸಾಯಬೇಕೆಂದಿರುವವರು ತನಗೆ ಫೋನ್ ಮಾಡಬಹುದೆಂದು ಪ್ರಕಟಿಸಿದರು. ಫೋನ್ ಮಾಡಿದವರಲ್ಲದೆ ನೇರವಾಗಿ ಬಂದವರೂ ಬಹಳ. ಕಾದು ಕೂತವರಿಗೆ ಟೀ ಕೊಡಲು, ಮಾತನಾಡಿಸಲು ಸ್ವಯಂಸೇವಕರನ್ನು ಇಟ್ಟುಕೊಂಡರು. ಎಷ್ಟೋ ಜನ ಆ ಟೀ ಕುಡಿದು, ಸ್ವಯಂಸೇವಕರ ಬಳಿ ಹೇಳಬೇಕಾದ್ದೆಲ್ಲ ಹೇಳಿಕೊಂಡು, ಪಾದ್ರಿಯನ್ನು ಕಾಣದೆಯೇ ಹಗುರಾಗಿ ಹೊರಟುಬಿಡುತ್ತಿದ್ದರು! ಬುದ್ಧಿ ಹೇಳುವವರಿಗಿಂತ ಸುಮ್ಮನೆ ಕೇಳುವವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆಂದು ವಾರಾ ಕಂಡುಕೊಂಡದ್ದು ಹೀಗೆ. ‘ಸಮಾರಿಟನ್ಸ್’ ಸಂಸ್ಥೆ ಬೆಳೆದದ್ದು ಇದರಿಂದಲೇ. ಜೂಜಿಗೆಂದೇ ಮೀಸಲಾದ ‘ಗ್ಯಾಮ್‌ಕೇರ್’ ಸಂಸ್ಥೆ 1997ರಲ್ಲಿ ಹುಟ್ಟುವ ಹೊತ್ತಿಗೆ ಫೋನಿನಲ್ಲಿ ಕೇಳಿಸಿಕೊಳ್ಳುವ ಕೆಲಸಕ್ಕೆ ನಾಲ್ಕು ದಶಕಗಳ ಅನುಭವವಿತ್ತು.

ಅಷ್ಟರಲ್ಲಿ ಆಟವೇ ಜಾಗ ಬದಲಿಸಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಅಂತರ್ಜಾಲದಲ್ಲಿ ಕ್ಯಾಸಿನೊಗಳು ಕಾಣಿಸಿಕೊಂಡವು. ಇನ್ನು ಆರೂವರೆಗೆ ಬಾಗಿಲು ಮುಚ್ಚುವವರು ಯಾರು? ಗಾರ್ಡನ್ ಮೂಡಿ ಹೆಸರಿನ ಸಂಸ್ಥೆಯೇ 2004ರಲ್ಲಿ ‘ಗ್ಯಾಂಬ್ಲಿಂಗ್ ಥೆರಪಿ’ ಎಂಬ ಆನ್‌ಲೈನ್ ಸೇವೆ ಆರಂಭಿಸಿತು. ಯಾವ ದೇಶದವರಾದರೂ ಅಲ್ಲಿ ಬರೆದು ಸಲಹೆಗಾರರೊಡನೆ ಮಾತಾಡಬಹುದು. ಜೂಜುಗಾರರಿಗೆ ಬೇರೆ ಗುಂಪು, ಮನೆಯವರಿಗೆ ಬೇರೆ ಗುಂಪು. ಆಸ್ಟ್ರೇಲಿಯದಲ್ಲಿ 2009ರಲ್ಲಿ ಇಂಥದೇ ಸೇವೆ ದೇಶಕ್ಕೆಲ್ಲ ಲಭ್ಯವಾಯಿತು.

ಬರೆದು ಮಾತಾಡುವುದರಲ್ಲಿ ಏನು ವಿಶೇಷ ಎಂದು ಕೇಳಬಹುದು. ರಾತ್ರಿ ಎರಡು ಗಂಟೆಗೆ, ಮಗುವಿನ ಶಾಲೆಯ ಶುಲ್ಕವನ್ನು ಕಳೆದುಕೊಂಡು ಕೂತವನ ಪಕ್ಕದಲ್ಲಿ ಮನೆಯವರು ಮಲಗಿರುತ್ತಾರೆ. ಫೋನಿನಲ್ಲಿ ದನಿಯೆತ್ತುವಂತಿಲ್ಲ, ಬೆರಳು ಮಾತ್ರ ಸದ್ದಿಲ್ಲದೆ ಓಡುತ್ತದೆ. ಬಾಯಲ್ಲಿ ಹೇಳಲಾಗದ ಮೊತ್ತವನ್ನು ಅಂಕಿಯಲ್ಲಿ ಬರೆದುಬಿಡಬಹುದು. ಆಡಬೇಕೆಂಬ ತಹತಹ ಒಂದೇ ಸಮನೆ ಇರುವುದಿಲ್ಲ, ಏರಿ ಇಳಿಯುತ್ತದೆ. ಬರೆಯುತ್ತ, ಉತ್ತರಕ್ಕೆ ಕಾಯುತ್ತ ಕಳೆಯುವ ಆ ಹೊತ್ತಿನಲ್ಲೇ ಒಂದು ಅಲೆ ದಾಟಿರುತ್ತದೆ. ಸಲಹೆಗಾರರು ಆಮೇಲೆ ನಿಧಾನವಾಗಿ ವ್ಯಾವಹಾರಿಕ ಸಂಗತಿಗಳಿಗೆ ಬರುತ್ತಾರೆ: ಸಂಬಳದ ಖಾತೆ ಸ್ವಲ್ಪ ಕಾಲ ಯಾರ ಕೈಯಲ್ಲಿರಬೇಕು, ಬಾಜಿಯ ತಾಣಗಳನ್ನೇ ತೆರೆಯಗೊಡದ ತಂತ್ರಾಂಶವನ್ನು ಫೋನಿಗೆ ಹೇಗೆ ಹಾಕಿಕೊಳ್ಳಬೇಕು, ನಾಲ್ಕು ಸಲ ಸೋತರೆ ಐದನೆಯದು ಗೆಲ್ಲಲೇಬೇಕೆಂಬ ನಂಬಿಕೆ ಏಕೆ ಸುಳ್ಳು. ಬ್ರಿಟನ್ನಿನಲ್ಲಿ 2018ರಿಂದ ಇನ್ನೊಂದು ಏರ್ಪಾಡೂ ಇದೆ. ‘ಗ್ಯಾಮ್‌ಸ್ಟಾಪ್’ನಲ್ಲಿ ಒಮ್ಮೆ ಹೆಸರು ಬರೆಸಿದರೆ ಆ ಅವಧಿ ಮುಗಿಯುವವರೆಗೆ ಪರವಾನಗಿ ಪಡೆದ ಆನ್‌ಲೈನ್ ಕಂಪನಿಗಳು ಅವರನ್ನು ಆಡಿಸುವಂತಿಲ್ಲ, 2020ರಿಂದ ಎಲ್ಲ ಕಂಪನಿಗಳಿಗೂ ಇದು ಕಡ್ಡಾಯ.

ಇದೆಲ್ಲ ಫಲ ಕೊಡುತ್ತದೆಯೇ? ಸ್ವೀಡನ್ನಿನಲ್ಲಿ ಪೆರ್ ಕಾರ್ಲ್‌ಬ್ರಿಂಗ್ ಮತ್ತು ಫಿಲಿಪ್ ಸ್ಮಿಟ್ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಪಾಲ್ಗೊಂಡವರು 66 ಜನ. ಚಿಕಿತ್ಸೆ ಪಡೆದವರಿಗೆ ಎಂಟು ವಾರ ಅಂತರ್ಜಾಲದ ಮೂಲಕ ಪಾಠ. ವಾರಕ್ಕೊಮ್ಮೆ ಹದಿನೈದು ನಿಮಿಷಕ್ಕೂ ಕಡಿಮೆ ಅವಧಿಯ ಫೋನ್ ಮಾತು. ಕಾಯುವ ಸಾಲಿನಲ್ಲಿದ್ದವರಿಗಿಂತ ಇವರು ಚೆನ್ನಾಗಿ ಸುಧಾರಿಸಿದರು. ಮೂರು ವರ್ಷಗಳ ನಂತರ ವಿಚಾರಿಸಿದಾಗಲೂ ಸುಧಾರಣೆ ಉಳಿದಿತ್ತು. ತೀವ್ರ ಖಿನ್ನತೆ ಇದ್ದವರನ್ನು ಇದರಲ್ಲಿ ಸೇರಿಸಿರಲಿಲ್ಲ ಎಂಬುದನ್ನೂ ಹೇಳಬೇಕು. ಸಾಯುತ್ತೇನೆಂದು ಬರೆದವನು ಯಾವ ಊರಿನವನೆಂದು ಪರದೆಯ ಆಚೆ ಕೂತವರಿಗೆ ತಿಳಿಯದಿದ್ದರೆ, ಹತ್ತಿರದ ಆಸ್ಪತ್ರೆಗೆ ಹೋಗೆನ್ನುವುದರ ಹೊರತು ಅವರು ಮಾಡಬಲ್ಲದ್ದು ಕಡಿಮೆ. ಇನ್ನೊಂದು ತೊಡಕು ಫೋನಿನದೇ. ಆಟವೂ ಅದರಲ್ಲೇ, ನೆರವೂ ಅದರಲ್ಲೇ. ಹೆಂಡದಂಗಡಿಯ ಒಳಗೇ ಆಸ್ಪತ್ರೆ ತೆರೆದಂತೆ.

ನಮ್ಮ ರಾಜ್ಯ ಈ ಮಾರ್ಗವನ್ನು ನಿಷೇಧದ ಹೆಜ್ಜೆಗಳಲ್ಲೇ ನಡೆದಿದೆ. ಬೀಡಿ ಅಂಗಡಿಗಳ ಮರೆಯಲ್ಲಿ ಓ.ಸಿ. ಚೀಟಿ ಬರೆಯುವವರನ್ನು ಪೊಲೀಸರು ಹಿಡಿಯುತ್ತಲೇ ಬಂದರು. ಕೂಲಿಯವರ ಸಂಬಳ ನುಂಗುತ್ತಿದ್ದ ಲಾಟರಿಯನ್ನು 2007ರಲ್ಲಿ ನಿಲ್ಲಿಸಲಾಯಿತು. 2021ರಲ್ಲಿ ಆನ್‌ಲೈನ್ ಜೂಜನ್ನು ತಡೆಯಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ಬಂತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದ್ದು, ಅದೃಷ್ಟದ್ದು ಎಂಬ ಭೇದವಿಲ್ಲದೆ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ನಿಷೇಧ ಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಕಾನೂನು ಅಂಗಡಿಯನ್ನು ಮುಚ್ಚಿಸಬಲ್ಲದು. ಒಳಗೆ ಕೂತಿದ್ದವನ ಸಾಲ, ನಿದ್ದೆಗೇಡು, ನಾಚಿಕೆ ಅವನ ಜೊತೆಗೇ ಮನೆಗೆ ಬರುತ್ತವೆ. ಕದ್ದು ಆಡುವವನಿಗೆ ಬಾಯಿ ಬಿಡುವುದು ಇನ್ನಷ್ಟು ಕಷ್ಟ.

ಆದರೂ ಬಾಯಿ ಬಿಡಲು ಜಾಗವೇ ಇಲ್ಲ ಎನ್ನುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಆನ್‌ಲೈನ್ ಆಟಗಳ ಗೀಳಿಗೆಂದೇ ‘ಶಟ್’ ಎಂಬ ಚಿಕಿತ್ಸಾಲಯ 2014ರಲ್ಲಿ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ‘ಟೆಲಿ ಮಾನಸ್’ ಸೇವೆಯನ್ನು ಆರಂಭಿಸಿದಾಗ ಅದರ ಕೇಂದ್ರಸಂಸ್ಥೆಯೂ ನಿಮ್ಹಾನ್ಸೇ ಆಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2024ರಿಂದ ವಿಡಿಯೊ ಮೂಲಕ ವೈದ್ಯರನ್ನು ಕಾಣುವ ಅನುಕೂಲವೂ ಸೇರಿದೆ. ಇದು ಜೂಜಿಗಷ್ಟೇ ಮೀಸಲಾದ ಸಂಖ್ಯೆಯಲ್ಲ. ಮನಸ್ಸಿನ ಯಾವ ಸಂಕಟಕ್ಕಾದರೂ ಉಂಟು. ಆಡಿದವನೇ ಕರೆ ಮಾಡಬೇಕೆಂದೂ ಇಲ್ಲ. ಬಳೆ ಬಿಚ್ಚಿಕೊಡಲೇ ಬೇಡವೇ ಎಂದು ಯೋಚಿಸುತ್ತ ಅಡುಗೆಮನೆಯಲ್ಲಿ ಕೂತ ತಾಯಿಯೂ ಮಾಡಬಹುದು.